ಅಳಿವೆಯ ಬಾಯಲ್ಲಿ ಥರ್ಜಾ

ನನ್ನ ಅತ್ತಿಗೆ ಥರ್ಜಾ ಕ್ಯಾಟರ್‌ಮೋಲ್‌ಳಷ್ಟು ನೀರಿಗೆ ಹೆದರುವ ಹೆಂಗಸು ಇಂಗ್ಲೆಂಡಿನ ನಮ್ಮ ಸಫೊಕ್ ಕರಾವಳಿಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಅಂಥವಳು ಮೂವತ್ತು ಬೇಸಿಗೆಗಳನ್ನು ಹಾಯಿದೋಣಿಯಲ್ಲಿ ಕಳೆದಳು. ಮದುವೆಯಾದದ್ದು ನನ್ನ ಅಣ್ಣ ಆಬ್ರಿಯನ್ನು, ಇನ್ನೇನಾಗುತ್ತದೆ. ಆಬ್ರಿಗೆ ದೋಣಿ ಮೊದಲು, ಊಟ ಆಮೇಲೆ, ನಾವೆಲ್ಲ ಅದಕ್ಕೂ ಆಮೇಲೆ.

ಅವಳ ಭಯಕ್ಕೆ ಕಾರಣವಿತ್ತು. ಸಾವಿರದ ಒಂಬೈನೂರ ಐವತ್ಮೂರರ ಜನವರಿಯಲ್ಲಿ ಸಮುದ್ರ ಉಕ್ಕಿ ಊರಿನೊಳಗೆ ನುಗ್ಗಿದಾಗ ಅವಳು ಐದು ವರ್ಷದ ಹುಡುಗಿ. ಅವಳ ಅಪ್ಪ ಅವಳನ್ನು ಮಹಡಿಯ ಬೀರುವಿನ ಮೇಲೆ ಕೂರಿಸಿ, ತಾನು ಬಾಗಿಲಲ್ಲಿ ನಿಂತು, ನೀರು ಎಷ್ಟನೆಯ ಮೆಟ್ಟಿಲಿಗೆ ಬಂತು ಎಂದು ಜೋರಾಗಿ ಹೇಳುತ್ತಿದ್ದನಂತೆ. ಮಗಳಿಗೆ ಧೈರ್ಯ ಬರಲಿ ಎಂದು ಹೇಳಿದ್ದಂತೆ ಅದು! ಈ ಗಂಡಸರ ಬುದ್ಧಿಗೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮನೆಯವರೆಲ್ಲ ಬದುಕಿಕೊಂಡರು. ಆದರೆ ಮೆಟ್ಟಿಲ ಮೇಲೆ ನೀರು ಬಡಿಯುವ ಸದ್ದು ಥರ್ಜಾಳ ಕಿವಿಯಿಂದ ಹೋಗಲಿಲ್ಲ.

ಆಬ್ರಿಯ ದೋಣಿಯ ಹೆಸರು ಡನ್ಲಿನ್. ಕೆಸರಿನಲ್ಲಿ ಹುಳು ಹೆಕ್ಕುತ್ತ ಓಡಾಡುವ ಪುಟ್ಟ ಹಕ್ಕಿಯ ಹೆಸರು. ಇಪ್ಪತ್ಮೂರು ಅಡಿ ಉದ್ದ, ಮರದ್ದು, ಕಂದು ಹಾಯಿ, ಒಳಗೆ ಮೂವರು ಮಲಗುವಷ್ಟು ಕ್ಯಾಬಿನ್, ಕೆಮ್ಮುವ ಒಂದು ಸಣ್ಣ ಡೀಸೆಲ್ ಎಂಜಿನ್. ಅಡಿಯಲ್ಲಿ ಎರಡು ಕಾಲಿನ ಹಾಗೆ ಎರಡು ಹಲಗೆ ಇದ್ದುದರಿಂದ ನೀರಿಳಿದಾಗ ಕೆಸರಿನ ಮೇಲೆ ಬೀಳದೆ ನೆಟ್ಟಗೆ ನಿಲ್ಲುತ್ತಿತ್ತು.

ಅಕ್ಟೋಬರಿನಲ್ಲಿ ಕ್ರೇನು ಅದನ್ನು ಎತ್ತಿ ದಡದ ಅಂಗಳದಲ್ಲಿ ನಿಲ್ಲಿಸಿದ ಕೂಡಲೇ ಥರ್ಜಾ ಬೇರೆ ಹೆಂಗಸಾಗಿಬಿಡುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಅಡುಗೆ ಮಾಡಿ ಬಂದವಳು ಏಪ್ರನ್ ಬಿಚ್ಚಿ, ಗಂಡನ ಹಳೇ ಪ್ಯಾಂಟು ಏರಿಸಿ, ಏಣಿ ಹತ್ತುತ್ತಿದ್ದಳು. ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆಯುವುದು, ಹಲಗೆಗಳ ಸಂದಿಗೆ ಹತ್ತಿಯ ನೂಲು ಗಿಡಿಯುವುದು, ಮರ ಉಜ್ಜಿ ವಾರ್ನಿಷ್ ಬಳಿಯುವುದು, ಹರಿದ ಹಾಯಿಗೆ ಹೊಲಿಗೆ ಹಾಕುವುದು, ಎಲ್ಲ ಅವಳದೇ. ದೋಣಿ ನೆಲದ ಮೇಲಿರುವಷ್ಟು ದಿನ ಅವಳದು, ನೀರಿಗಿಳಿದ ಮೇಲೆ ಆಬ್ರಿಯದು. ಅದು ಅವರಿಬ್ಬರ ನಡುವಿನ ಒಪ್ಪಂದ, ಬಾಯಿಬಿಟ್ಟು ಯಾವತ್ತೂ ಆಡಿಕೊಂಡದ್ದಲ್ಲ.

ಆದರೆ ಆ ಕೆಲಸದ ಹಿಂದೆಯೂ ಇದ್ದದ್ದು ಭಯವೇ. ಎಂಜಿನ್ನಿಗೂ ಸಿಂಕಿಗೂ ಶೌಚಕ್ಕೂ ಎಂದು ದೋಣಿಯ ತಳದಲ್ಲಿ ಮೂರು ತೂತುಗಳಿವೆ, ಮೂರಕ್ಕೂ ಹಿತ್ತಾಳೆಯ ನಲ್ಲಿಗಳಿವೆ. ನಲ್ಲಿ ಮುರಿದರೆ ತೂತಿಗೆ ಬಡಿಯಲು ಇರಲಿ ಎಂದು ಥರ್ಜಾ ಮೂರು ಮರದ ಬಿರಡೆಗಳನ್ನು ಕೆತ್ತಿ ಒಂದೊಂದನ್ನೂ ಅದರದರ ನಲ್ಲಿಗೇ ದಾರದಲ್ಲಿ ಕಟ್ಟಿದ್ದಳು. ಪಕ್ಕದಲ್ಲಿ ಸುತ್ತಿಗೆ. ಸುತ್ತಿಗೆಗೂ ದಾರ.

"ನನಗೂ ಒಂದು ದಾರ ಕಟ್ಟಿಬಿಡೇ," ಎಂದು ಆಬ್ರಿ ನಗುತ್ತಿದ್ದ.

"ಕಟ್ಟೋಕೆ ನೀನು ಒಂದು ಕಡೆ ನಿಂತ್ರೆ ತಾನೇ?" ಎನ್ನುತ್ತಿದ್ದಳು ಅವಳು.

ನೀರಿನ ಮೇಲೆ ಅವಳಿಗೆ ಒಂದೇ ಜಾಗ. ಕ್ಯಾಬಿನ್ ಬಾಗಿಲ ಎಡಗಡೆ, ಬೆನ್ನು ಗೋಡೆಗೆ ಆನಿಸಿ ಕೂತು, ಬಾಗಿಲ ಪಕ್ಕದ ಮರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದರೆ ಆಯಿತು, ಬಂದರಿಗೆ ಬರುವ ತನಕ ಬಿಡುತ್ತಿರಲಿಲ್ಲ. ಗಾಳಿ ಸ್ವಲ್ಪ ಜೋರಾದರೆ "ಅಯ್ಯೋ". ದೋಣಿ ಸ್ವಲ್ಪ ವಾಲಿದರೆ "ಅಯ್ಯೋ ದೇವರೇ". ಆ ಅಂಚಿನ ವಾರ್ನಿಷ್ ಅವಳ ಉಗುರಿಗೆ ಸಿಕ್ಕಿ ಪ್ರತಿ ಬೇಸಿಗೆ ಎದ್ದುಹೋಗುತ್ತಿತ್ತು, ಪ್ರತಿ ಚಳಿಗಾಲ ಅವಳೇ ಉಜ್ಜಿ ಮತ್ತೆ ಬಳಿಯುತ್ತಿದ್ದಳು. ಚುಕ್ಕಾಣಿಯನ್ನು ಮಾತ್ರ ಒಮ್ಮೆಯೂ ಮುಟ್ಟಿದವಳಲ್ಲ. ಮದುವೆಯಾದ ಹೊಸದರಲ್ಲಿ ಆಬ್ರಿ ಕರೆದಿದ್ದನಂತೆ, "ಬಾ, ಸ್ವಲ್ಪ ಹಿಡಿದು ನೋಡು." ಅವಳು ಅಂದದ್ದು, "ನನ್ನ ಕೈಗೆ ಕೊಟ್ರೆ ಇಬ್ಬರೂ ಸಾಯ್ತೀವಿ. ನೀನು ಹಿಡ್ಕೋ, ನಾನು ಹೆದರ್ಕೊಳ್ತೀನಿ."

ಹಾಗೇ ನಡೆದುಕೊಂಡು ಬಂತು.

ನಮ್ಮ ಹೋಡ್ನಿ ನದಿಯ ಅಳಿವೆ ಒಳ್ಳೆಯದಲ್ಲ. ನದಿ ಸಮುದ್ರ ಸೇರುವ ಬಾಯಿಗೆ ಅಡ್ಡವಾಗಿ ಬೆಣಚುಕಲ್ಲಿನ ದಿಬ್ಬ, ದಿಬ್ಬದ ನಡುವೆ ದೋಣಿ ಹೋಗುವಷ್ಟು ಒಂದು ಕಾಲುವೆ. ಚಳಿಗಾಲದ ಬಿರುಗಾಳಿ ದಿಬ್ಬವನ್ನು ತನಗೆ ತೋಚಿದಂತೆ ಸರಿಸುತ್ತದೆ, ಕಾಲುವೆಯೂ ಜಾಗ ಬದಲಿಸುತ್ತದೆ. ಅದಕ್ಕೇ ಪ್ರತಿ ಏಪ್ರಿಲಿನಲ್ಲಿ ಬಂದರಿನ ಮೇಲ್ವಿಚಾರಕ ದೋಣಿಯಲ್ಲಿ ಹೋಗಿ ಆಳ ಅಳೆದು, ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಕೆಂಪು ಬೋಯಿಯನ್ನೂ ಹಸಿರು ಬೋಯಿಯನ್ನೂ ಕಿತ್ತು ಹೊಸ ಜಾಗಕ್ಕೆ ಹಾಕಿ, ಹೊಸ ನಕ್ಷೆ ಬರೆದು ಕಚೇರಿಯ ಕಿಟಕಿಗೆ ಅಂಟಿಸುತ್ತಾನೆ. ಒಳಗೆ ಬರುವಾಗ ಕೆಂಪು ಎಡಕ್ಕಿರಬೇಕು, ಹಸಿರು ಬಲಕ್ಕೆ. ಎರಡರ ನಡುವೆ ಬಂದರೆ ಬದುಕಿದಿರಿ. ದೋಣಿಯವರೆಲ್ಲ ಬಂದು ಕಿಟಕಿಯ ಮುಂದೆ ನಿಂತು, ಈ ವರ್ಷ ಕೆಟ್ಟುಹೋಯಿತು ಎಂದು ಗೊಣಗಿ ಹೋಗುತ್ತಾರೆ.

ಥರ್ಜಾಳಿಗೆ ಆ ನಕ್ಷೆ ಸಾಲದು. ನೀರು ತುಂಬ ಇಳಿಯುವ ದಿನ ನೋಡಿ, ಫ್ಲಾಸ್ಕಿನಲ್ಲಿ ಚಹಾ, ಒಂದು ದುರ್ಬೀನು ಹಿಡಿದು ದಿಬ್ಬದ ಮೂಲೆಗೆ ನಡೆದು ಹೋಗಿ, ಎಲ್ಲಿ ಅಲೆ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ಅರ್ಧ ದಿನ ನೋಡುತ್ತ ಕೂರುತ್ತಿದ್ದಳು.

"ಹೆಂಡತಿ ತನ್ನ ಶತ್ರುನ ಮಾತಾಡಿಸೋಕೆ ಹೋಗಿದಾಳೆ," ಎಂದು ಆಬ್ರಿ ಎಲ್ಲರ ಮುಂದೆ ಹೇಳುತ್ತಿದ್ದ.

"ಎಲ್ಲಿ ಸಾಯ್ತೀನಿ ಅಂತ ಮೊದಲೇ ಗೊತ್ತಿದ್ರೆ ಸರಿಯಾದ ಹೊತ್ತಿಗೆ ಕಿರುಚಬಹುದಲ್ಲ," ಎನ್ನುತ್ತಿದ್ದಳು ಥರ್ಜಾ.

ನಾನು ಹೇಳಹೊರಟ ವರ್ಷ ಆಬ್ರಿ ಆ ಕಿಟಕಿಯ ಹತ್ತಿರ ಹೋಗಲೇ ಇಲ್ಲ. "ನಲವತ್ತು ವರ್ಷದಿಂದ ಓಡಾಡ್ತಿದೀನಿ, ಅಂಗೈ ಇದ್ದ ಹಾಗೆ ನನಗೆ ಈ ಅಳಿವೆ," ಎಂದ. ನಾನು ಅದನ್ನು ಜಂಬ ಅಂದುಕೊಂಡೆ. ಅಣ್ಣನಿಗೆ ಜಂಬ ಹೊಸದಲ್ಲ. ಆ ವಸಂತದಲ್ಲಿ ಅವನು ಪತ್ರಿಕೆ ಓದುವುದನ್ನೂ ಬಿಟ್ಟಿದ್ದ, ಬರೀ ಸುಳ್ಳು ಬರೀತಾರೆ ಎಂದು ಹೇಳಿ. ಒಮ್ಮೆ ನನ್ನ ಮನೆಯಲ್ಲಿ ಚಹಾ ಸುರಿಯುವಾಗ ಅರ್ಧ ಬಟ್ಟಲಿಗೆ, ಅರ್ಧ ಮೇಜಿಗೆ. "ಮುದುಕ ಆದೆ ಕಣೋ," ಎಂದು ನಾನು ಬಟ್ಟೆ ತಂದು ಒರೆಸಿದೆ. ಒರೆಸಿ ಮರೆತೆ.

ಜೂನಿನಲ್ಲಿ ಎರಡು ರಾತ್ರಿಯ ಪ್ರಯಾಣಕ್ಕೆ ನನ್ನನ್ನೂ ಕರೆದರು. ನನ್ನ ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು, ನನಗೆ ಗಾಳಿ ಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ದಕ್ಷಿಣದ ಎಸೆಕ್ಸ್ ಕಡೆಯ ಒಂದು ಹಿನ್ನೀರಿಗೆ ಹೋಗಿ ಲಂಗರು ಹಾಕಿದೆವು. ಆ ಎರಡು ದಿನ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೀರು ಇಳಿದು ಡನ್ಲಿನ್ ಮೆತ್ತಗೆ ಕೆಸರಿನ ಮೇಲೆ ಕೂತಿತು. ಸುತ್ತ ಎಲ್ಲಿ ನೋಡಿದರೂ ಹೊಳೆಯುವ ಕೆಸರು, ದೂರದಲ್ಲಿ ಸೀಲು ಎಂಬ ಎರಡು ದಪ್ಪ ಕಡಲಪ್ರಾಣಿಗಳು ಹೊಟ್ಟೆ ಕಾಯಿಸುತ್ತ ಬಿದ್ದಿದ್ದವು. ತಳಕ್ಕೆ ನೆಲ ತಾಗಿದ್ದೇ ಥರ್ಜಾಳ ಮುಖ ಅರಳಿತು. ಹಾಡು ಗುನುಗುತ್ತ ಸಾಸೇಜು ಕರಿದಳು, ಹೊಸ ಆಲೂಗಡ್ಡೆಗೆ ಬೆಣ್ಣೆ ಹಾಕಿ ಕೊಟ್ಟಳು, ಡಬ್ಬಿಯ ಪೀಚ್ ಹಣ್ಣು ತೆರೆದಳು.

"ನೀರೇ ಇಲ್ಲದ ಕಡೆ ದೋಣಿ ಎಷ್ಟು ಚೆನ್ನ ಅಲ್ವೇನೇ ಏವಿಸ್," ಎಂದಳು.

ಆಬ್ರಿ ನಗಲಿಲ್ಲ. ಹಾಯಿಕಂಬಕ್ಕೆ ಒರಗಿ ದೂರಕ್ಕೆ ಮುಖ ಮಾಡಿ ಕೂತಿದ್ದ. ಸೀಲು ಎಷ್ಟು ಮುದ್ದಾಗಿದೆ ನೋಡು ಎಂದು ನಾನು ತೋರಿಸಿದೆ. "ಹೂಂ, ಚೆನ್ನಾಗಿದೆ," ಎಂದ. ಅವನು ನೋಡುತ್ತಿದ್ದದ್ದು ಸೀಲು ಇದ್ದ ಕಡೆಗಲ್ಲ.

ಹಿಂದಿರುಗುವ ದಿನ ಬೆಳಿಗ್ಗೆ ಗಾಳಿಯೇ ಇಲ್ಲ. ಎಂಜಿನ್ ಕೆಮ್ಮುತ್ತ ನಿಧಾನಕ್ಕೆ ತಳ್ಳಿತು. ಚುಕ್ಕಾಣಿ ಹಿಡಿದ ಆಬ್ರಿ ನನ್ನನ್ನು ದಿಕ್ಸೂಚಿಯ ಮುಂದೆ ಕೂರಿಸಿ, "ಮುಳ್ಳು ಎಷ್ಟರ ಮೇಲಿದೆ ಹೇಳ್ತಾ ಇರು, ನಿನಗೂ ಕಲಿತ ಹಾಗಾಗುತ್ತೆ," ಎಂದ. ಅರವತ್ತು ದಾಟಿದ ಮೇಲೆ ನನಗೂ ವಿದ್ಯೆ ಹತ್ತುತ್ತಿದೆ ಎಂದು ನಾನು ಉಬ್ಬಿಹೋದೆ, ಅಂಕಿ ಓದಿದ್ದೇ ಓದಿದ್ದು.

ಮಧ್ಯಾಹ್ನದ ಮೇಲೆ ಆಗ್ನೇಯದಿಂದ ಗಾಳಿ ಎದ್ದಿತು. ಮೊದಲು ಹಿತವಾಗಿತ್ತು, ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದೆವು. ಆಮೇಲೆ ಹಿತ ಹೋಯಿತು. ಅಲೆಗಳ ತಲೆ ಬೆಳ್ಳಗಾಗತೊಡಗಿತು, ಸಮುದ್ರದ ಬಣ್ಣ ಕೆಸರು ಕಲಸಿದಂತಾಯಿತು. ನಮ್ಮ ಅಳಿವೆಯ ಪಕ್ಕದ ದುಂಡನೆಯ ಗೋಪುರ ಕಾಣುವ ಹೊತ್ತಿಗೆ ನಾವು ತಡವಾಗಿದ್ದೆವು. ಉಬ್ಬರ ಮುಗಿಯುತ್ತ ಬಂದಿತ್ತು. ಇಳಿತ ಶುರುವಾದರೆ ನದಿಯ ನೀರು ಹೊರಕ್ಕೆ ನುಗ್ಗುತ್ತದೆ, ಗಾಳಿಯ ಅಲೆ ಒಳಕ್ಕೆ ನುಗ್ಗುತ್ತದೆ, ಎರಡೂ ಅಳಿವೆಯ ಬಾಯಲ್ಲಿ ಗುದ್ದಾಡುತ್ತವೆ. ಆಮೇಲೆ ಬುದ್ಧಿ ಇದ್ದವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ಮುಂದೆ, ದಡದ ಉದ್ದಕ್ಕೂ, ಬಿಳಿಯ ಗೆರೆಯೊಂದು ಎದ್ದು ಬಿದ್ದು ಮಾಡುತ್ತಿತ್ತು. ಅದರ ಸದ್ದು ಆಗಲೇ ಕೇಳುತ್ತಿತ್ತು.

"ಆಬ್ರಿ, ಬೇಡ," ಎಂದಳು ಥರ್ಜಾ. ಎರಡೂ ಕೈ ಆ ಅಂಚಿನ ಮೇಲೆ. "ಹಾರ್ವಿಚ್‌ಗೆ ಹೋಗೋಣ. ಅಲ್ಲಿ ಬಾಯಿ ಅಗಲ ಇದೆ, ಆಳ ಇದೆ. ರಾತ್ರಿ ಆದ್ರೂ ಪರವಾಗಿಲ್ಲ."

"ಹಾರ್ವಿಚ್ ಬೇಡ."

"ಯಾಕೆ ಬೇಡ?"

"ಅಲ್ಲಿ ದೊಡ್ಡ ದೊಡ್ಡ ಹಡಗು. ನೂರೆಂಟು ದೀಪ. ನಮ್ಮ ಮನೆ ಬಾಗಿಲು ಇಲ್ಲೇ ಇರೋವಾಗ ಅಲ್ಲಿಗ್ಯಾಕೆ?"

"ಮೊದಲೆಲ್ಲ ನೀನೇ ಕರ್ಕೊಂಡು ಹೋಗ್ತಿದ್ದೆ."

"ಬೇಡ ಅಂದೆನಲ್ಲ ಥರ್ಜಾ!" ಅವನ ದನಿ ಎತ್ತರಕ್ಕೆ ಹೋಯಿತು. ಆಬ್ರಿ ದೋಣಿಯಲ್ಲಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೆವರು ಅವನ ಹುಬ್ಬಿನ ಮೇಲೆ ನಿಂತಿತ್ತು, ಆ ತಣ್ಣನೆಯ ಗಾಳಿಯಲ್ಲಿ.

ಮತ್ತೆ ಎಂಜಿನ್ ಹಚ್ಚಿ, ಮುಂದಿನ ಸಣ್ಣ ಹಾಯಿಯೊಂದನ್ನೇ ಉಳಿಸಿಕೊಂಡು ಅಳಿವೆಗೆ ಮುಖ ತಿರುಗಿಸಿದ. ಅಲೆಗಳು ಈಗ ಹಿಂದಿನಿಂದ ಬರುತ್ತಿದ್ದವು. ಒಂದೊಂದು ಬಂದಾಗಲೂ ಡನ್ಲಿನ್ನಿನ ಹಿಂಭಾಗ ಮೇಲಕ್ಕೆದ್ದು, ಮೂತಿ ತಗ್ಗಿ, ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ ಹೋದ ಹಾಗೆ ಓಡುತ್ತಿತ್ತು. ಹಿಂದಕ್ಕೆ ತಿರುಗಿ ನೋಡಬೇಡ ಏವಿಸ್ ಎಂದು ನನಗೆ ನಾನೇ ಹೇಳಿಕೊಂಡು ತಿರುಗಿ ನೋಡಿದೆ. ನಮ್ಮ ತಲೆಗಿಂತ ಎತ್ತರಕ್ಕೆ ಬೂದು ನೀರು ನಿಂತಿತ್ತು.

"ಕೆಂಪು ಬೋಯಿ ಕಂಡ್ರೆ ಹೇಳಿ," ಎಂದ ಆಬ್ರಿ. "ಎಡಕ್ಕೆ ಬರುತ್ತೆ ಈಗ."

ಥರ್ಜಾ "ಅಯ್ಯೋ" ಎನ್ನುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತು.

"ಆಬ್ರಿ," ಎಂದಳು, ತೀರಾ ಮೆಲ್ಲಗೆ. "ಕೆಂಪು ಬಲಗಡೆ ಇದೆ."

"ಹಾಗಿರೋಕೆ ಸಾಧ್ಯ ಇಲ್ಲ."

"ಬಲಗಡೆ ಇದೆ. ಕಾಲುವೆ ಈ ವರ್ಷ ಆ ಕಡೆ ಹೋಗಿದೆ. ನಾನು ಕಣ್ಣಾರೆ ನೋಡಿದೀನಿ. ನೀನು ಹೋಗ್ತಿರೋದು ಹೋದ ವರ್ಷದ ದಾರಿ. ಮುಂದೆ ಕಲ್ಲಿದೆ."

"ಇಲ್ಲ ಇಲ್ಲ, ನೀನು ಸರಿಯಾಗಿ ನೋಡು..."

"ನೀನೇ ನೋಡು! ಅಗೋ, ಅಲ್ಲಿ!" ಎಂದು ಅವಳು ಒಂದು ಕೈ ಬಿಟ್ಟು ತೋರಿಸಿದಳು.

ಆಬ್ರಿ ಅವಳ ಬೆರಳಿದ್ದ ಕಡೆ ಮುಖ ತಿರುಗಿಸಿದ. ಆಮೇಲೆ ಮುಖವನ್ನು ಮೆಲ್ಲಗೆ ಪಕ್ಕಕ್ಕೆ ಓರೆ ಮಾಡಿದ, ಕೋಳಿ ಕಾಳನ್ನು ಒಂದೇ ಕಣ್ಣಿನಲ್ಲಿ ನೋಡುವ ಹಾಗೆ. ಮತ್ತೆ ಇನ್ನೊಂದು ಪಕ್ಕಕ್ಕೆ. ಅಷ್ಟು ದೊಡ್ಡ ಬೋಯಿ ಕೆಂಪಗೆ ಕುಣಿಯುತ್ತಿತ್ತು, ನನ್ನಂಥವಳಿಗೂ ಕಾಣುತ್ತಿತ್ತು.

"ಕಾಣ್ತಿಲ್ಲ," ಎಂದ.

ಮುಖವನ್ನು ಹೆಂಡತಿಯ ಕಡೆ ತಿರುಗಿಸಿದ.

"ನಡುವೆ ಏನೂ ಕಾಣಲ್ಲ ಥರ್ಜಾ. ಅಂಚಿನಲ್ಲಿ ಮಾತ್ರ ಕಾಣುತ್ತೆ. ನಿನ್ನ ಮುಖನೂ ಕಾಣ್ತಿಲ್ಲ."

ಆ ಮಾತು ಮುಗಿಯುವುದಕ್ಕೂ ದೋಣಿಯ ತಳ ಧಡ್ ಎಂದು ಕಲ್ಲಿಗೆ ಬಡಿಯುವುದಕ್ಕೂ ಸರಿಯಾಯಿತು. ನನ್ನ ಹಲ್ಲು ಹಲ್ಲಿಗೆ ಬಡಿದು ನಾಲಿಗೆ ಕಚ್ಚಿತು. ಕ್ಯಾಬಿನ್ನಿನೊಳಗೆ ತಟ್ಟೆ ಬಟ್ಟಲುಗಳೆಲ್ಲ ಉರುಳಿದವು. ಹಿಂದಿನ ಅಲೆ ನಮ್ಮ ಮೇಲೆಯೇ ಮುರಿದು ಬಿದ್ದು ಸೊಂಟದವರೆಗೆ ತಣ್ಣನೆಯ ನೀರು ತುಂಬಿತು. ಇನ್ನೊಂದು ಸಲ ಬಡಿದರೆ ಹಲಗೆ ಬಿಚ್ಚುತ್ತದೆ, ಅಡ್ಡ ತಿರುಗಿದರೆ ಮಗುಚುತ್ತದೆ, ಇಷ್ಟು ನನಗೂ ಗೊತ್ತಿತ್ತು. ನಾನು ದೇವರನ್ನು ಕರೆದೆ, ಅಮ್ಮನನ್ನು ಕರೆದೆ, ಸತ್ತ ಗಂಡನನ್ನೂ ಕರೆದೆ, ಬದುಕಿದ್ದಾಗ ಕರೆದರೆ ಬರದಿದ್ದವನನ್ನು.

"ರೇಡಿಯೊದಲ್ಲಿ ಲೈಫ್‌ಬೋಟ್‌ನವರನ್ನ ಕರೀರೋ!" ಎಂದು ಕಿರುಚಿದೆ.

"ಅವರು ಬರೋ ಹೊತ್ತಿಗೆ ನಾವಿರಲ್ಲ. ಏವಿಸ್, ನೀನು ಬಾಯಿ ಮುಚ್ಕೊಂಡು ಗಟ್ಟಿಯಾಗಿ ಹಿಡ್ಕೋ," ಎಂದಳು ಥರ್ಜಾ. ಅಷ್ಟು ಹೊತ್ತಿಗೆ ಅವಳು ತನ್ನ ಜಾಗ ಬಿಟ್ಟು, ನೀರಿನಲ್ಲಿ ಮಂಡಿಯೂರಿ ತೆವಳಿ, ಚುಕ್ಕಾಣಿಯ ಹಿಡಿಗೆ ಕೈ ಹಾಕಿದ್ದಳು. "ಆ ಕಡೆ ಸರಿ ಆಬ್ರಿ. ಬಲಕ್ಕೆ ಹೋಗ್ಬೇಕು ನಾನು. ಯಾವ ಕಡೆ ತಳ್ಳಲಿ? ಬೇಗ ಹೇಳು."

"ಎಡಕ್ಕೆ ತಳ್ಳು. ಹೋಗಬೇಕಾದ ಕಡೆಗೆ ಉಲ್ಟಾ. ಪೂರ್ತಿ ಬೇಡ, ಸ್ವಲ್ಪ."

ತಳ್ಳಿದಳು. ಡನ್ಲಿನ್ ನಿಧಾನಕ್ಕೆ, ಬಹಳ ನಿಧಾನಕ್ಕೆ, ಬಲಕ್ಕೆ ಮೂತಿ ತಿರುಗಿಸಿತು. ಎಡಕ್ಕೆ, ಕೈಯಳತೆಯಲ್ಲಿ ಎನ್ನುವ ಹಾಗೆ, ಅಲೆಯೊಂದು ಹಿಂದಕ್ಕೆ ಸರಿದಾಗ ಕಂದು ಬಣ್ಣದ ಕಲ್ಲುಗಳು ಮೇಲೆದ್ದು ಕಂಡವು. ಅವು ಗಳಗಳ ಉರುಳುವ ಸದ್ದು ಎಂಜಿನ್ನಿನ ಸದ್ದಿಗಿಂತ ಜೋರಾಗಿತ್ತು. ಥರ್ಜಾಳ ದವಡೆ ಗಡಗಡ ನಡುಗುತ್ತಿತ್ತು. ಅವಳ ಹಲ್ಲಿನ ಸದ್ದು ನನಗೆ ಕೇಳಿಸಿತು ಎಂದರೆ ಯಾರೂ ನಂಬುವುದಿಲ್ಲ, ಆದರೆ ಕೇಳಿಸಿತು.

"ಹಿಂದೆ ನೋಡ್ಬೇಡ," ಎಂದ ಆಬ್ರಿ. ಅವನು ಅವಳಿಗೆ ಬೆನ್ನು ತಾಗಿಸಿ ಹಿಂದಕ್ಕೆ ಮುಖ ಮಾಡಿ ಕೂತಿದ್ದ, ಕಣ್ಣು ಮುಚ್ಚಿಕೊಂಡು. "ಹಿಂದಿನದು ನಾನು ನೋಡ್ಕೋತೀನಿ, ಕಿವಿ ಇದೆಯಲ್ಲ. ದೊಡ್ಡದೊಂದು ಬರ್ತಿದೆ. ಅದು ಬರೋವಾಗ ಬೆನ್ನು ನೇರ ಕೊಡು ಅದಕ್ಕೆ. ಈಗ. ನೇರ, ನೇರ... ಹಾಂ. ಹೋಯ್ತು. ಈಗ ಮತ್ತೆ ತಿರುಗಿಸು."

"ಕೆಂಪು ಇನ್ನೂ ಬಲಕ್ಕಿದೆ."

"ಇನ್ನೂ ಸ್ವಲ್ಪ ತಳ್ಳು."

"ಈಗ ನೇರ ಎದುರಿಗೆ ಬಂತು. ಗುದ್ದುತ್ತೆ ಆಬ್ರಿ!"

"ಗುದ್ದಲಿ. ಬೋಯಿಗೆ ಗುದ್ದಿದ್ರೆ ಬಣ್ಣ ಹೋಗುತ್ತೆ, ಕಲ್ಲಿಗೆ ಗುದ್ದಿದ್ರೆ ನಾವು ಹೋಗ್ತೀವಿ. ತಳ್ಳು. ಇನ್ನೊಂದು ದೊಡ್ಡದು ಬರ್ತಿದೆ. ನೇರ!"

ಮತ್ತೆ ಹಿಂಭಾಗ ಎದ್ದಿತು. ಮೂತಿ ನೀರೊಳಗೆ ಹೋಯಿತು. ನಾನು ಕಣ್ಣು ಮುಚ್ಚಿದೆ. ಮತ್ತೆ ಧಡ್ ಎನ್ನುವ ಸದ್ದಿಗೆ ಕಾದೆ, ಕಾದೆ, ಬರಲಿಲ್ಲ. ಕಣ್ಣು ತೆರೆದಾಗ ಆ ಕೆಂಪು ಬೋಯಿ ನಮ್ಮ ಎಡಗಡೆ, ಕೈ ಚಾಚಿದರೆ ಮುಟ್ಟುವ ಹಾಗೆ, ಹಿಂದಕ್ಕೆ ಸರಿಯುತ್ತಿತ್ತು. ಅದರ ಮೇಲೆ ಒಂದು ಕಡಲಕಾಗೆ, ಒಂದು ನೀರ್ಕಾಗೆ ಪಕ್ಕಪಕ್ಕ ಕೂತು ನಮ್ಮನ್ನೇ ನೋಡುತ್ತಿದ್ದವು.

"ಎಡಕ್ಕೆ ಬಂತು," ಎಂದಳು ಥರ್ಜಾ.

"ಹಸಿರು?"

"ಬಲಕ್ಕೆ."

"ಹಾಗಾದ್ರೆ ಒಳಗೆ ಬಂದ್ವಿ," ಎಂದ ಆಬ್ರಿ. ಅವನ ತುಟಿಯಲ್ಲಿ ರಕ್ತವೇ ಇರಲಿಲ್ಲ.

ದಿಬ್ಬ ದಾಟಿದ ಮೇಲೆ ನದಿ ಎಂದಿನಂತೆ ತಣ್ಣಗೆ ಹರಿಯುತ್ತಿತ್ತು. ದಡದಲ್ಲಿ ಯಾರೋ ನಾಯಿ ಅಡ್ಡಾಡಿಸುತ್ತಿದ್ದರು, ನಮಗೆ ಕೈ ಬೀಸಿದರು. ನದಿಯಲ್ಲಿ ದೋಣಿ ಕಟ್ಟುವ ನಮ್ಮ ಬೋಯಿಗೆ ಹಗ್ಗ ಹಾಕಿದ್ದು ನಾನು, ಹೇಗೆ ಹಾಕಿದೆನೋ ಗೊತ್ತಿಲ್ಲ. ಎಂಜಿನ್ ನಿಂತಿತು. ಥರ್ಜಾಳ ಕೈ ಮಾತ್ರ ಚುಕ್ಕಾಣಿ ಬಿಡಲಿಲ್ಲ. ಬೆರಳು ಬಿಚ್ಚಲು ಅವಳಿಗೇ ಆಗುತ್ತಿರಲಿಲ್ಲ. ಆಬ್ರಿ ತಡವರಿಸುತ್ತ ಅವಳ ಕೈ ಹುಡುಕಿ, ಒಂದೊಂದೇ ಬೆರಳು ಬಿಡಿಸಿದ. ಆಮೇಲೆ ಅವಳು ದೋಣಿಯ ಪಕ್ಕಕ್ಕೆ ಬಾಗಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿದಳು.

ಕ್ಯಾಬಿನ್ನಿನಲ್ಲಿ ಮೊಣಕಾಲಿನವರೆಗೆ ನೀರು, ನೀರಿನ ಮೇಲೆ ಆಲೂಗಡ್ಡೆ ತೇಲುತ್ತಿದ್ದವು. ನಾನು ಪಂಪು ಹೊಡೆಯುತ್ತ ನಿಂತೆ. ಮೇಲೆ ಅವರಿಬ್ಬರೂ ಆಡಿದ್ದು ನನಗೆ ಕೇಳಿಸಿತು, ಕೇಳಬಾರದಿತ್ತೇನೋ.

"ಎಷ್ಟು ದಿನದಿಂದ?"

"ಹೋದ ಚಳಿಗಾಲದಿಂದ. ಡಾಕ್ಟರು ಇನ್ನು ಸರಿ ಹೋಗಲ್ಲ ಅಂದ್ರು."

"ಮೂವತ್ತು ವರ್ಷ ನಾನು ಹೆದರ್ಕೊಂಡೇ ಬಂದೆ ನಿನ್ನ ಜೊತೆ. ಯಾವ ಧೈರ್ಯದ ಮೇಲೆ ಬಂದೆ ಗೊತ್ತಾ? ನಿನಗೆ ಕಾಣುತ್ತೆ ಅನ್ನೋ ಒಂದೇ ಧೈರ್ಯದ ಮೇಲೆ."

"ಹೇಳಿದ್ರೆ ನೀನು ದೋಣಿ ಮಾರಿಸ್ತಿದ್ದೆ."

"ಹೂಂ. ಮಾರಿಸ್ತಿದ್ದೆ. ಈಗಲೂ ಮಾರಿಸ್ತೀನಿ."

ಆಮೇಲೆ ಅಳುವ ಸದ್ದು ಬಂತು. ಥರ್ಜಾ ಅಳುತ್ತಿದ್ದಳೋ ಆಬ್ರಿಯೋ, ನನಗೆ ತಿಳಿಯಲಿಲ್ಲ, ನೋಡಲು ಹೋಗಲೂ ಇಲ್ಲ.

ಅಕ್ಟೋಬರಿನಲ್ಲಿ ಡನ್ಲಿನ್ ಎಂದಿನಂತೆ ಅಂಗಳಕ್ಕೆ ಬಂತು, ಮೂತಿಗೆ ಮಾರಾಟಕ್ಕಿದೆ ಎಂಬ ಹಲಗೆ ಕಟ್ಟಿಕೊಂಡು. ಒಂದು ಅಡಿಹಲಗೆ ಸೀಳಿತ್ತು, ಥರ್ಜಾಳೇ ಕಿತ್ತು ಹೊಸದು ಹಾಕಿದಳು. ಕೊಳ್ಳುವವನು ಮೋಸ ಹೋಗಬಾರದು ಎಂದು ಹೇಳಿಕೊಂಡು ಕೆರೆದಳು, ಉಜ್ಜಿದಳು, ಬಳಿದಳು. ಆಬ್ರಿ ಬರುತ್ತಿರಲಿಲ್ಲ. ಅವನು ಅಡುಗೆಮನೆಯ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ, ರೇಡಿಯೊದಲ್ಲಿ ಸಮುದ್ರದ ಹವಾಮಾನ ಕೇಳುತ್ತ ಕೂರುತ್ತಿದ್ದ. ಯಾವ ಕಡೆ ಎಷ್ಟು ಗಾಳಿ ಎಂದು ಅವರು ಹೇಳಿ ಮುಗಿಸಿದ ಮೇಲೂ ಆ ಕುರ್ಚಿಯಿಂದ ಏಳುತ್ತಿರಲಿಲ್ಲ. ಗಡ್ಡ ಬೋಳಿಸುವುದನ್ನೂ ಬಿಟ್ಟ. ಅವನನ್ನು ನೋಡಲು ಹೋದಾಗಲೆಲ್ಲ ಬೇಗ ಹೊರಡಲು ನೆವ ಹುಡುಕುತ್ತಿದ್ದೆ.

ಫೆಬ್ರುವರಿಯಲ್ಲಿ ಇಪ್ಸ್‌ವಿಚ್‌ನಿಂದ ಗಂಡ ಹೆಂಡತಿ ದೋಣಿ ನೋಡಲು ಬಂದರು. ಒಳ್ಳೆಯ ಜನ, ಹೊಸ ಬೂಟು. ನಾನೂ ಅಲ್ಲಿದ್ದೆ. ಅವಳಿಗೆ ದೋಣಿ ಹಿಡಿಸಿಬಿಟ್ಟಿತು, ಅಡುಗೆಯ ಮೂಲೆಯನ್ನಂತೂ ಮತ್ತೆ ಮತ್ತೆ ನೋಡಿದಳು. "ಅಪಾಯ ಏನೂ ಇಲ್ಲ ತಾನೇ?" ಎಂದು ಕೇಳಿದಳು.

ಥರ್ಜಾ ಶುರು ಮಾಡಿದಳು. ಎಂಜಿನ್ ಬೇಕಾದಾಗ ಹತ್ತುವುದಿಲ್ಲ ಎಂದಳು. ನಲ್ಲಿ ಮುರಿದರೆ ನೀರು ಹೇಗೆ ನುಗ್ಗುತ್ತದೆ ಎಂದು ಬಿರಡೆ, ಸುತ್ತಿಗೆ, ದಾರ ಎಲ್ಲ ತೋರಿಸಿದಳು. ಅಳಿವೆಯ ಕಲ್ಲಿನ ಸದ್ದು ಹೇಗಿರುತ್ತದೆ ಎಂದು ಬಾಯಲ್ಲಿ ಮಾಡಿ ತೋರಿಸಿದಳು. ಆ ಹೆಂಗಸು ಬಿಳಿಚಿಕೊಂಡು ಗಂಡನ ತೋಳು ಹಿಡಿದುಕೊಂಡಳು. ಅವರ ಕಾರು ಅಂಗಳ ದಾಟಿದ ಮೇಲೆ ಥರ್ಜಾ ಮಾರಾಟದ ಹಲಗೆಯ ಹಗ್ಗ ಕತ್ತರಿಸಿದಳು.

"ಏನೇ ಇದು?" ಎಂದೆ. "ಪಾಪದವರನ್ನ ಹೆದರಿಸಿ ಓಡಿಸಿದೆಯಲ್ಲ."

"ನಾನು ಸುಳ್ಳು ಏನಾದ್ರೂ ಹೇಳಿದ್ನಾ?"

"ಸುಳ್ಳಲ್ಲ. ಆದ್ರೆ ಯಾಕೆ?"

ಅವಳು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಳು. "ಅವನು ಆ ಗೋಡೆ ನೋಡ್ತಾ ಕೂತಿರ್ತಾನಲ್ಲ ಏವಿಸ್. ಅದನ್ನ ನೋಡಿದ್ರೆ ನನಗೆ ಅಳಿವೆಗಿಂತ ಹೆಚ್ಚು ಭಯ ಆಗುತ್ತೆ. ಅಳಿವೆಗೆ ಬಾಯಿ ಎಲ್ಲಿದೆ ಅಂತಾದ್ರೂ ಗೊತ್ತು."

ಏಪ್ರಿಲಿನಲ್ಲಿ ಅವಳು ದುರ್ಬೀನು, ಫ್ಲಾಸ್ಕು ಹಿಡಿದು ದಿಬ್ಬದ ಮೂಲೆಗೆ ಹೋದಳು. ಈ ಸಲ ಆಬ್ರಿಯ ತೋಳು ಹಿಡಿದುಕೊಂಡು. ಎಲ್ಲಿ ಅಲೆ ಒಡೆಯುತ್ತಿದೆ ಎಂದು ಅವಳು ಹೇಳಿದಳು, ಎಷ್ಟು ಜೋರಾಗಿ ಎಂದು ಅವನು ಹೇಳಿದನಂತೆ. ಮೇ ತಿಂಗಳಲ್ಲಿ ಡನ್ಲಿನ್ ನೀರಿಗಿಳಿಯಿತು. ನಾನು ಬರುವುದಿಲ್ಲ, ನನ್ನ ಹೆಣ ಬರುತ್ತದೆ ಎಂದಿದ್ದೆ, ಆದರೂ ಹೋದೆ. ಅವರಿಬ್ಬರನ್ನೇ ಕಳಿಸಿ ದಡದಲ್ಲಿ ನಿಂತು ನೋಡುವಷ್ಟು ಎದೆಗಟ್ಟಿ ನನಗಿರಲಿಲ್ಲ.

ಹೊಸ ವಾರ್ನಿಷ್‌ನಲ್ಲಿ ದೋಣಿ ಪಳಪಳ ಹೊಳೆಯುತ್ತಿತ್ತು. ಒಂದು ಕಡೆ ಮಾತ್ರ ಇಲ್ಲ. ಕ್ಯಾಬಿನ್ ಬಾಗಿಲ ಪಕ್ಕದ ಆ ಅಂಚು ಕೆರೆದದ್ದು ಕೆರೆದ ಹಾಗೇ, ಒರಟಾಗಿ ಉಳಿದಿತ್ತು.

"ಇಲ್ಲಿ ಬಳಿಯೋಕೆ ಮರೆತಿದೀಯಲ್ಲೇ," ಎಂದೆ.

"ಮರೆತಿಲ್ಲ. ವಾರ್ನಿಷ್ ಇದ್ರೆ ಒದ್ದೆ ಕೈ ಜಾರುತ್ತೆ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?"

ಆಬ್ರಿ ಬಂದು, ಕೈಯಾಡಿಸಿ ಜಾಗ ಹುಡುಕಿ, ಅಲ್ಲಿ ಕೂತ. ಥರ್ಜಾ ಹಿಂದೆ ಹೋಗಿ ಚುಕ್ಕಾಣಿ ಹಿಡಿದಳು. ಮುಖ ಸುಣ್ಣದ ಹಾಗೆ ಬಿಳುಪು. ನದಿ ಇಳಿದು ಅಳಿವೆಯ ಬಾಯಿಗೆ ಬಂದಾಗ ಗಾಳಿ ಅಷ್ಟೇನೂ ಇರಲಿಲ್ಲ, ಆದರೂ ಮೊದಲ ಅಲೆಗೆ ಡನ್ಲಿನ್ ತಲೆ ಎತ್ತಿತು.

"ಅಯ್ಯೋ," ಎಂದಳು ಥರ್ಜಾ.

ಎರಡನೆಯ ಅಲೆ ಇನ್ನೂ ಸ್ವಲ್ಪ ದೊಡ್ಡದಿತ್ತು. ಆಬ್ರಿಯ ಎರಡೂ ಕೈ ಆ ಒರಟು ಅಂಚನ್ನು ಅಮುಕಿ ಹಿಡಿದವು, ಗೆಣ್ಣುಗಳು ಬೆಳ್ಳಗಾದವು.

"ಕೆಂಪು ಎಲ್ಲಿದೆ?" ಎಂದು ಕೇಳಿದ.

"ಬಲಕ್ಕೆ. ಹೊರಗೆ ಹೋಗೋವಾಗ ಎಲ್ಲಿರಬೇಕೋ ಅಲ್ಲೇ."

ಅವನು ಕಿವಿಯನ್ನು ಎಡಕ್ಕೆ ತಿರುಗಿಸಿದ. ದಿಬ್ಬದ ಕಲ್ಲು ಉರುಳುವ ಸದ್ದು ಎಡಗಡೆಯಿಂದ ಕೇಳುತ್ತಿತ್ತು.

"ಥರ್ಜಾ," ಎಂದ. "ನನಗೆ ಹೆದರಿಕೆ ಆಗ್ತಿದೆ."

"ಆಗ್ಲಿ," ಎಂದಳು ನನ್ನ ಅತ್ತಿಗೆ, ಕಣ್ಣು ಮುಂದಿನಿಂದ ತೆಗೆಯದೆ. "ನೀನು ಹೆದರ್ಕೋ, ನಾನು ಹಿಡ್ಕೋತೀನಿ."